ಚಿನ್ನಿಯನ್ನು ಒಂದು ಮಾತು ಕೇಳಮ್ಮ

ಮಯಾಮಿ, ಭಾನುವಾರ

ಅಮ್ಮನಿಗೆ ನಮಸ್ಕಾರ. ನಾವು ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹೇಗಿದೆ?

ನಿನ್ನ ಪತ್ರ ಬಂತು. ರಘು ಫೋನಿನಲ್ಲಿ ನಮ್ಮ ಬಡಾವಣೆಯ ನಕ್ಷೆ ತೋರಿಸಿ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿ ಜೈಲಿಗೆ ಹೋಗಿ ಬಂದವನೊಬ್ಬ ಹತ್ತಿರದಲ್ಲೇ ಇದ್ದಾನೆ ಅಂದನಂತೆ. ಪುಟ್ಟಿಯನ್ನು ಸಾಗರಕ್ಕೆ ಕಳಿಸು, ನಾನೇ ಸಾಕ್ತೀನಿ ಅಂತ ಬರೆದಿದ್ದೀಯ. ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತೀಯ, ಗೊತ್ತು.

ಅವನು ಇರೋದು ನಿಜ. ನನಗೂ ಗೊತ್ತಿದೆ. ಇಲ್ಲಿ ಅಂಥವರ ಹೆಸರು, ಫೋಟೋ, ವಿಳಾಸವನ್ನು ಸರ್ಕಾರವೇ ಎಲ್ಲರಿಗೂ ಕಾಣುವ ಹಾಗೆ ಇಡುತ್ತದೆ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಮೇಗನ್ ಅನ್ನೋ ಏಳು ವರ್ಷದ ಹುಡುಗಿಯನ್ನು ಎದುರುಮನೆಯವನೇ ಕೊಂದ. ಅವನಿಗೆ ಮೊದಲೇ ಶಿಕ್ಷೆ ಆಗಿತ್ತು ಅನ್ನೋದು ಹೆತ್ತವರಿಗೆ ಗೊತ್ತೇ ಇರಲಿಲ್ಲ. ಆ ಮಗುವಿನ ಹೆಸರಿನಲ್ಲೇ 1996ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಹತ್ತಿರಕ್ಕೆ ಅಂಥವರು ಯಾರಾದರೂ ಬಂದರೆ ನನಗೆ ಇಮೇಲ್ ಬರುತ್ತದೆ. ನಮ್ಮ ಭಾರತದಲ್ಲೂ 2018ರಿಂದ ಇಂಥ ಪಟ್ಟಿ ಇದೆ, ಆದರೆ ನೋಡೋಕಾಗೋದು ಪೊಲೀಸರಿಗೆ ಮಾತ್ರ.

ಮಕ್ಕಳ ಮೇಲೆ ಇಂಥ ಅಪರಾಧ ಮಾಡಿದವರು ಶಾಲೆಯ ಹತ್ತಿರ ಮನೆ ಮಾಡುವಂತಿಲ್ಲ. ಫ್ಲೋರಿಡಾ ಕಾನೂನಿನಲ್ಲಿ 1000 ಅಡಿ ದೂರ ಇರಬೇಕು. ನಮ್ಮ ಮಯಾಮಿ-ಡೇಡ್ ಕೌಂಟಿ 2005ರಲ್ಲಿ ಅದನ್ನು 2500 ಅಡಿ ಮಾಡಿತು. ಅಂದರೆ ಮುಕ್ಕಾಲು ಕಿಲೋಮೀಟರ್. ಇಷ್ಟು ಕಟ್ಟುನಿಟ್ಟು ನಮ್ಮೂರಲ್ಲಿ ಎಲ್ಲಿದೆ ಹೇಳು?

ಆದರೆ ಶಾಲೆಗಳೇ ತುಂಬಿರುವ ಊರಿನಲ್ಲಿ ಅಷ್ಟು ದೂರದ ಮನೆ ಸಿಗಬೇಕಲ್ಲ. ನಾವು 2009ರಲ್ಲಿ ಬಂದಾಗ ಜೂಲಿಯಾ ಟಟಲ್ ಕಾಸ್‌ವೇ ಅನ್ನೋ ಸೇತುವೆಯ ಕೆಳಗೆ ಅಂಥ ಹತ್ತಾರು ಜನ ಟೆಂಟ್ ಹಾಕಿಕೊಂಡಿದ್ದರು. ಕೆಲವರ ಡ್ರೈವಿಂಗ್ ಲೈಸೆನ್ಸಿನಲ್ಲಿ ಸೇತುವೆಯೇ ವಿಳಾಸ. 2010ರಲ್ಲಿ ಎಬ್ಬಿಸಿದರು. ಅವರ ಮೇಲೆ ನನಗೆ ಕನಿಕರ ಬರಲಿಲ್ಲಮ್ಮ. ಆದರೆ ಮನೆ ಮಠ ಇಲ್ಲದೆ ಅಲೆಯುವವನ ಮೇಲೆ ಕಣ್ಣಿಡೋದು ಇನ್ನೂ ಕಷ್ಟ ಅಲ್ವಾ?

ಇಲ್ಲಿನ ಮಿನ್ನೆಸೋಟ ರಾಜ್ಯದಲ್ಲಿ 2007ರಲ್ಲಿ ಸರ್ಕಾರವೇ ಒಂದು ಲೆಕ್ಕ ತೆಗೆಯಿತು. ಜೈಲಿನಿಂದ ಬಂದ ಮೇಲೆ ಮತ್ತೆ ಲೈಂಗಿಕ ಅಪರಾಧ ಮಾಡಿ ಒಳಗೆ ಹೋದ 224 ಜನರ ಪ್ರಕರಣ ಒಂದೊಂದಾಗಿ ನೋಡಿದರು. ಈ ದೂರದ ನಿಯಮದಿಂದ ತಡೆಯಬಹುದಾಗಿದ್ದದ್ದು ಒಂದೂ ಇರಲಿಲ್ಲ. ಅವರು ಶಾಲೆಯ ಬೇಲಿ ಹಾರಿ ಬಂದವರಲ್ಲ. ಎಷ್ಟೋ ಜನ ಪರಿಚಯದ ನೆಪದಲ್ಲಿ ಮನೆಯೊಳಗೇ ಬಂದವರು. ನಮ್ಮ ದೇಶದ ಪೊಲೀಸ್ ಲೆಕ್ಕದಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕಡೆ ಮಗುವಿಗೆ ಗೊತ್ತಿದ್ದವರದ್ದೇ ಕೆಲಸ.

ಅದಕ್ಕೇ ಪತ್ರದ ಕೊನೆಯಲ್ಲಿ ನೀನು ಬರೆದ ಒಂದು ಸಾಲು ನನ್ನನ್ನು ಕಾಡುತ್ತಿದೆ. ಚಿನ್ನಿ ಟ್ಯೂಷನ್‌ಗೆ ಹೋಗಲ್ಲ ಅಂತ ಹಠ ಮಾಡ್ತಿದ್ದಾಳೆ, ಅಣ್ಣ ಎರಡು ಬಿಟ್ಟು ಕಳಿಸಿದ ಅಂದಿದ್ದೀಯ. ನಾನು ಆರನೇ ಕ್ಲಾಸಿನಲ್ಲಿ ಹಾಗೇ ಹಠ ಮಾಡಿದ್ದು ನೆನಪಿದೆಯಾ? ನೀನು ಕಾರಣ ಕೇಳದೆ ಬಿಡಿಸಿದೆ. ಆ ಮೇಷ್ಟ್ರು ಲೆಕ್ಕ ನೋಡುವ ನೆಪದಲ್ಲಿ ಪಕ್ಕ ಕೂರಿಸಿಕೊಂಡು ಮೈಮೇಲೆ ಕೈ ಆಡಿಸುತ್ತಿದ್ದರು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನೀನು ಅವತ್ತು ಬಿಡಿಸಿದ್ದರಿಂದ ನಾನು ಉಳಿದೆ.

ಚಿನ್ನಿಗೆ ಬರೀ ಸೋಮಾರಿತನ ಇರಬಹುದು. ಹಾಗೇ ಇರಲಿ. ಆದರೂ ತಲೆಗೆ ಎಣ್ಣೆ ಹಚ್ಚುವಾಗ ಅವಳೊಬ್ಬಳನ್ನೇ ಕೇಳು. ಅಣ್ಣ ಅತ್ತಿಗೆ ಎದುರಿಗೆ ಬೇಡ. ಏನು ಹೇಳಿದರೂ ಬೈಯಬೇಡ, ನಂಬು. ಏನಾದರೂ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಮರ್ಯಾದೆ ಅಂತ ಮುಚ್ಚಿಡಬೇಡಿ. 2012ರ ಪೋಕ್ಸೋ ಕಾನೂನಿನ ಪ್ರಕಾರ ಗೊತ್ತಾದ ಮೇಲೆ ದೂರು ಕೊಡಲೇಬೇಕು. ತಿಳಿಯುವ ತನಕ ಟ್ಯೂಷನ್ ಬಿಡಿಸು. ಅಣ್ಣನಿಗೆ ನಾನು ಹೇಳುತ್ತೇನೆ.

ಪುಟ್ಟಿ ಬಗ್ಗೆ ಒಂದು ಚೂರೂ ಯೋಚನೆ ಮಾಡಬೇಡ. ಅವಳನ್ನು ಶಾಲೆಗೆ ಬಿಡೋದೂ ನಾನೇ, ಕರೆತರೋದೂ ನಾನೇ. ಖಂಡಿತ ಏನೂ ಆಗಲ್ಲ. ಈಜಿನ ಕ್ಲಾಸು ಬಿಡುವ ಹೊತ್ತಾಯಿತು, ಹೊರಟೆ. ಚಿನ್ನಿಯನ್ನು ಇವತ್ತೇ ಕೇಳು. ಕೇಳಿದ ತಕ್ಷಣ ಫೋನ್ ಮಾಡು, ಇಲ್ಲಿ ನಡುರಾತ್ರಿಯಾದರೂ ಸರಿ.

ನಿನ್ನ ಮಗಳು,
ಸುಮಾ