ಅವ್ವನ ಜೊತೆ ನೆಲಕ್ಕೆ ಕೂತ ಮ್ಯೂಸಿಯಂ ಅಕ್ಕಾರಿಗೆ

ಹೋದ ವಾರ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂನಲ್ಲಿ ನಮ್ಮವ್ವಂಗೆ ಎಲ್ಲಾ ತೋರಿಸಿದ ಅಕ್ಕಾರೇ, ನಿಮ್ಮ ಹೆಸರು ಕೇಳೋದೇ ಮರ್ತುಬಿಟ್ಟೆ, ಅದಕ್ಕೆ ಇಲ್ಲೇ ಬರೀತಿದೀನಿ. ಅವ್ವಂಗೆ ಓದೋಕೆ ಬರಲ್ಲ, "ಬೋರ್ಡ್ ನೋಡಿ ನಾನೇನು ಮಾಡ್ಲಿ, ನೀವು ಹೋಗ್ರಿ" ಅಂತ ಬಾಗಿಲ ಹತ್ರನೇ ಕೂತಿದ್ಲು, ನಾನೂ ಮಗಳ ಪ್ರಾಜೆಕ್ಟ್ ಗಡಿಬಿಡೀಲಿ ಬಿಟ್ಟು ಒಳಗೆ ಹೋದೆ. ಅದು ನನ್ನ ತಪ್ಪು.

ನೀವೇ ಬಂದು "ಬರ್ರಿ ಅಮ್ಮ, ಇಲ್ಲಿ ನಿಮಗೆ ಗೊತ್ತಿರೋದೇ ಐತೆ" ಅಂತ ಕೈ ಹಿಡ್ಕೊಂಡು ಕರ್ಕೊಂಡು ಹೋದ್ರಿ. ಬಳ್ಳಾರಿ ಹತ್ರದ ಸಂಗನಕಲ್ಲು ಗುಡ್ಡದಾಗೆ ಸುಮಾರು 4000 ವರ್ಷದ ಹಿಂದೆ ಇದ್ದೋರು ಹುರುಳಿ, ಹೆಸರು, ಕೊರಲೆ ಬೆಳೀತಿದ್ರು, ಅಲ್ಲೇ ಇರೋ ಹಿರೇಗುಡ್ಡದ ಕರಿಕಲ್ಲು ಒಡೆದು ಬಂಡೆ ಮೇಲೆ ಉಜ್ಜಿ ಉಜ್ಜಿ ಕೊಡಲಿ ಮಾಡ್ತಿದ್ರು ಅಂತ ನೀವು ಹೇಳ್ತಾ ಹೋದಂಗೆ ಅವ್ವನ ಮುಖ ನೋಡ್ಬೇಕಿತ್ತು. ಬೂದಿದಿಬ್ಬ ಅಂದ್ರೆ ಸಗಣಿ ಗುಡ್ಡೆ ಹಾಕಿ ಸುಟ್ಟಿದ್ದು ಅಂದಾಗ "ಅಯ್ಯೋ, ಕುಡತಿನಿ ಕಡೆದು ರಾಕ್ಷಸನ ಬೂದಿ ಅಂತಿದ್ವಲ್ಲವ್ವ ನಾವು!" ಅಂದ್ಲು.

ಅರೆಯೋ ಕಲ್ಲಿನ ಮುಂದೆ ಅವ್ವ ನೆಲಕ್ಕೆ ಕೂತು, ಮೊಣಕಾಲೂರಿ, ಭುಜದ ಭಾರ ಹಾಕಿ ಹೆಂಗೆ ಅರೀಬೇಕು ಅಂತ ಬರೀ ಗಾಳೀಲೇ ತೋರಿಸಿದಾಗ ನೀವೂ ಪಕ್ಕದಲ್ಲಿ ಕೂತು ನೋಟ್‌ಬುಕ್ ತೆಗೆದು ಬರ್ಕೊಂಡ್ರಿ. ನನ್ನ ಮಗಳು ಅಜ್ಜಿನೇ ನೋಡ್ತಾ ನಿಂತಿದ್ಲು, ನಂಗೆ ಕಣ್ಣು ತುಂಬಿ ಬಂತು. ಅವ್ವ ಹೇಳೋದನ್ನ ಒಬ್ರು ಬರ್ಕೊಂಡಿದ್ದು ನಾನು ನೋಡಿದ್ದು ಅದೇ ಫಸ್ಟ್.

ತುಂಬಾ ಥ್ಯಾಂಕ್ಸ್ ಅಕ್ಕಾರೇ. ನಮ್ಮ ಹಿತ್ತಲಲ್ಲಿರೋ ಹಳೇ ಬೀಸೋಕಲ್ಲು ತೊಳ್ದಿಟ್ಟಿದಾಳೆ, ನೀವು ಮನೆಗೆ ಬಂದ್ರೆ ಬೀಸೋ ಪದ ಹೇಳ್ತಾಳಂತೆ.