ಪ್ರತಿಫಲನ ಚಿತ್ರವೇ ತೈಲವಲ್ಲ

ಮಾನ್ಯ ಸಂಪಾದಕರೇ,

ತೈಲ ಶೋಧದ ಸುದ್ದಿ ಬಂದಾಗಲೆಲ್ಲ ನೆಲದಡಿಯ ‘ಫೋಟೊ’ ತೆಗೆಯಲಾಗಿದೆ ಎಂಬ ಮಾತು ಕೇಳಿಬರುತ್ತದೆ. ಅದನ್ನು ಓದಿದ ನನ್ನ ಹಳೆಯ ವಿದ್ಯಾರ್ಥಿಗಳು ಬಳ್ಳಾರಿಯಲ್ಲೂ ಹೀಗೆ ಹುಡುಕಬಾರದೇಕೆ ಎನ್ನುತ್ತಾರೆ.

ವಾಸ್ತವದಲ್ಲಿ ಅದು ಫೋಟೊ ಅಲ್ಲ. ನೆಲಕ್ಕೆ ಕಂಪನ ಕೊಟ್ಟು, ಶಿಲಾಪದರಗಳಿಂದ ಮರಳಿದ ಅಲೆಗಳನ್ನು ಜಿಯೋಫೋನ್ ಎಂಬ ಕಂಪನಗ್ರಾಹಕಗಳಲ್ಲಿ ಹಿಡಿದು ಜೋಡಿಸಿದ ಆ ಚಿತ್ರದಲ್ಲಿ ಮೇಲಿಂದ ಕೆಳಗಿನ ಅಳತೆ ಮೂಲತಃ ಮೀಟರಲ್ಲ, ಅಲೆ ಹೋಗಿಬರಲು ಹಿಡಿದ ಸಮಯ. ಪ್ರತಿಫಲನ 2 ಸೆಕೆಂಡಿಗೆ (ಹೋಗಲು ಒಂದು, ಬರಲು ಒಂದು) ಬಂದರೆ, ಸರಾಸರಿ ವೇಗ ಸೆಕೆಂಡಿಗೆ 3,000 ಮೀಟರ್ ಎಂದುಕೊಂಡಾಗ ಪದರ 3,000 ಮೀಟರ್ ಆಳದಲ್ಲಿರುತ್ತದೆ. ವೇಗ 3,300 ಎಂದಾದರೆ ಅದೇ ಪದರ 300 ಮೀಟರ್ ಕೆಳಗಿಳಿಯುತ್ತದೆ. ಉಪ್ಪಿನ ರಾಶಿಯಲ್ಲಿ ಅಲೆಗಳು ವೇಗವಾಗಿ ಸಾಗಿ ಬೇಗ ಮರಳುವುದರಿಂದ, ಅದರ ಕೆಳಗಿನ ಸಪಾಟು ಪದರವೂ ಗುಮ್ಮಟದಂತೆ ಉಬ್ಬಿ ಕಂಡು, ತೈಲ ನಿಲ್ಲಬಲ್ಲ ಶಿಲಾಪದರದ ಬಾಗೆಂಬ ಭ್ರಮೆ ಹುಟ್ಟಿಸುತ್ತದೆ. ಪ್ರಖರ ಪ್ರತಿಫಲನ ಅನಿಲದ ಸುಳಿವಾಗಬಹುದಾದರೂ, ತೆಗೆಯಲು ಲಾಭವಿಲ್ಲದಷ್ಟು ಅಲ್ಪ ಅನಿಲವೂ ಹಾಗೆಯೇ ಹೊಳೆಯುತ್ತದೆ. ಕೊನೆಗೆ ಬಾವಿ ಕೊರೆದೇ ತಿಳಿಯಬೇಕು.

ಇನ್ನು ಬಳ್ಳಾರಿಯ ಮಾತು. ನಮ್ಮ ಗ್ರಾನೈಟ್ ಗುಡ್ಡಗಳೂ ಸಂಡೂರಿನ ಶಿಸ್ಟ್ ಎಂಬ ರೂಪಾಂತರ ಶಿಲೆಗಳೂ ಸುಮಾರು 250 ಕೋಟಿ ವರ್ಷ ಹಾಗೂ ಅದಕ್ಕೂ ಹಿಂದಿನವು. ಜೈವಿಕ ಅವಶೇಷ ತುಂಬಿ, ಹದವಾದ ಶಾಖದಲ್ಲಿ ಬೆಂದ, ಕೃಷ್ಣಾ–ಗೋದಾವರಿ ಮುಖಜ ಪ್ರದೇಶದಲ್ಲಿರುವಂಥ, ತೈಲ ಹುಟ್ಟಿಸಬಲ್ಲ ದಪ್ಪ ಪದರು ಶಿಲೆಗಳು ಇಲ್ಲಿಲ್ಲ. ಕಬ್ಬಿಣದ ಅದಿರು ಕೊಟ್ಟ ನೆಲವೇ ತೈಲವನ್ನೂ ಕೊಡಲಿ ಎನ್ನುವುದು ತುಸು ದುರಾಸೆಯೇ ಸರಿ.

ಇಂಥ ವರದಿಗಳಲ್ಲಿ ಸಮೀಕ್ಷೆಯಷ್ಟೇ ನಡೆದಿದೆಯೇ, ಬಾವಿಯನ್ನೂ ಕೊರೆಯಲಾಗಿದೆಯೇ ಎಂಬುದನ್ನು ಪತ್ರಿಕೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಬಳ್ಳಾರಿ