ಕೊಪ್ಪಳದ ಸ್ಟುಡಿಯೋದ ಹಿರಿಯರಿಗೆ ಧನ್ಯವಾದ

ದೃಶ್ಯ ಮಾಧ್ಯಮದ ಸ್ನಾತಕೋತ್ತರ ಪದವಿಗೆ ಪ್ರಬಂಧದ ಜೊತೆ ಕಿರುಚಿತ್ರವನ್ನೂ ಸಲ್ಲಿಸಬೇಕಿದ್ದ ನಾನು, ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಬಳಿಯುವ ತಾಯಿಯೊಬ್ಬರನ್ನು ಎರಡು ದಿನ ಚಿತ್ರೀಕರಿಸಿ ಕೊಪ್ಪಳಕ್ಕೆ ಮರಳುವಷ್ಟರಲ್ಲಿ ಮೆಮೊರಿ ಕಾರ್ಡ್ ತೆರೆಯದಾಯಿತು. ಬಸ್ ನಿಲ್ದಾಣದ ಬಳಿಯ ಸ್ಟುಡಿಯೋದ ಹಿರಿಯರು ಅರ್ಧ ಎಳೆದಿದ್ದ ಶಟರ್ ಮೇಲೆತ್ತಿ, ಕಾರ್ಡಿನ ತುದಿಯನ್ನು ಅಂಗಿಯ ಅಂಚಿನಿಂದ ಒರೆಸಿ, ರಾತ್ರಿ ಹತ್ತೂವರೆಯವರೆಗೆ ಕುಳಿತು ಒಂದೊಂದೇ ಫೈಲನ್ನು ಹೊರತೆಗೆದರು. ಬಣ್ಣ ಮೆತ್ತಿದ ಆ ತಾಯಿಯ ಬೆರಳುಗಳು ಪರದೆಯ ಮೇಲೆ ಮೂಡಿದಾಗ ನನಗೆ ಹೋದ ಜೀವ ಬಂದಂತಾಯಿತು.

"ಇಷ್ಟು ಮ್ಯಾಲಿಂದ ಯಾಕ ಹಿಡದಿ ತಂಗಿ, ಕುಂತು ತಗೀಬೇಕಿತ್ತು" ಎಂದರು. ನೋಟದೊಳಗಿನ ಅಧಿಕಾರದ ಬಗ್ಗೆ, ಅಂದರೆ ನೋಡುವವರಿಗೆ ನೋಡಿಸಿಕೊಳ್ಳುವವರ ಮೇಲೆ ಸಿಗುವ ಹಿಡಿತದ ಬಗ್ಗೆ, ಚಲನಚಿತ್ರ ಚಿಂತಕಿ ಲಾರಾ ಮಲ್ವಿಯವರ 1975ರ ಪ್ರಬಂಧವನ್ನು ಆಧರಿಸಿ ಪುಟಗಟ್ಟಲೆ ಬರೆದಿದ್ದರೂ, ನನ್ನ ಕ್ಯಾಮೆರಾವೇ ಆ ತಾಯಿಯನ್ನು ಮೇಲಿನಿಂದ ನೋಡುತ್ತಿದ್ದುದು ನನಗೆ ಕಂಡಿರಲಿಲ್ಲ. ಮರುದಿನ ಕಿನ್ನಾಳದಲ್ಲಿ ನೆಲದ ಮೇಲೆ ಕುಳಿತೇ ಚಿತ್ರೀಕರಿಸಿದೆ. ಹಣ ಬೇಡವೆಂದ ಆ ಹಿರಿಯರಿಗೆ ನನ್ನ ನಮಸ್ಕಾರಗಳು.